ಹೆಡ್‌ಲೈಟ್ ಬಲ್ಬ್ ಬದಲಿಸುವ ಮುನ್ನ

(ಸ್ವಂತ ಗಾಡಿ ಇರುವವರಿಗೆ, ಚಾಲಕರಿಗೆ, ಆಟೋ ಎಲೆಕ್ಟ್ರಿಷಿಯನ್‌ಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಿಡಿಭಾಗಗಳ ಅಂಗಡಿಯಲ್ಲಿ ಹೆಡ್‌ಲೈಟ್ ಬಗ್ಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ‘ಇದಕ್ಕಿಂತ ಜಾಸ್ತಿ ಬೆಳಕಿನದು ಯಾವುದಿದೆ?’ ಕೇಳಿದವರ ತಪ್ಪಲ್ಲ. ಶಿರಾಡಿ ಘಾಟಿಯಲ್ಲಿ ಮಳೆ ಹೊಯ್ಯುತ್ತಿರುವಾಗ ಎದುರಿನ ಲಾರಿ ಹೈ ಬೀಮ್ ಹಾಕಿಕೊಂಡು ಬಂದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಆ ಪ್ರಶ್ನೆಗೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡಿವೆ. ಈಗಿರುವ ಬಲ್ಬು ಕೊಡಬೇಕಾದಷ್ಟು ಬೆಳಕು ಕೊಡುತ್ತಿದೆಯೆ? ಕೊಟ್ಟದ್ದು ರಸ್ತೆಯ ಮೇಲೆ ಬೀಳುತ್ತಿದೆಯೆ? ಐದಾರು ವರ್ಷ ಓಡಿದ ಗಾಡಿಯಲ್ಲಿ ಎರಡಕ್ಕೂ ಉತ್ತರ ಸಾಮಾನ್ಯವಾಗಿ ‘ಇಲ್ಲ’. ಹೋಗಿರುವ ಬೆಳಕನ್ನು ಮೊದಲು ವಾಪಸು ತರೋಣ, ಹೊಸ ಬಲ್ಬಿನ ಮಾತು ಆಮೇಲೆ.

ಒಂದು ಸಣ್ಣ ಲೆಕ್ಕ. ಗಂಟೆಗೆ 80 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ರಸ್ತೆಯಲ್ಲಿ ಏನೋ ಇದೆ ಎಂದು ಗೊತ್ತಾಗಿ ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡ್ ಹಿಡಿಯಿರಿ, ಅಷ್ಟರಲ್ಲೇ 33 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ ನಿಲ್ಲಲು ಇನ್ನೂ 41 ಮೀಟರ್. ಒಟ್ಟು 74. ಅರವತ್ತರಲ್ಲಿ ಇದು 48 ಮೀಟರ್, ನೂರರಲ್ಲಿ 106. ಈಗ ಇನ್ನೊಂದು ಕಡೆಯಿಂದ ನೋಡಿ. ನೆಲದಿಂದ 65 ಸೆಂ.ಮೀ. ಎತ್ತರದಲ್ಲಿರುವ ದೀಪದ ಲೋ ಬೀಮ್ ನೂರಕ್ಕೆ ಒಂದರಂತೆ ಕೆಳಕ್ಕೆ ಬಾಗಿರುತ್ತದೆ, ಅಂದರೆ 10 ಮೀಟರಿಗೆ 10 ಸೆಂ.ಮೀ. ಹಾಗೆ ಇಳಿಯುತ್ತಾ ಹೋದ ಬೆಳಕಿನ ಅಂಚು ನೆಲ ಮುಟ್ಟುವುದು 65 ಮೀಟರಿಗೆ. ಎಡಬದಿಯಲ್ಲಿ ಬೆಳಕು ಸ್ವಲ್ಪ ಮೇಲೆದ್ದು ಮುಂದೆ ಹೋಗುತ್ತದೆ, ಅದರ ವಿಷಯಕ್ಕೆ ಆಮೇಲೆ ಬರೋಣ. ನಮ್ಮ ಮುಂದಿನ ರಸ್ತೆಗೆ ಮಾತ್ರ ಲೋ ಬೀಮ್‌ನ ಗಡಿ ಇಷ್ಟೇ. ಇದು ಜ್ಯಾಮಿತಿ. ಬಲ್ಬು ಎಷ್ಟು ಪ್ರಖರವಾದರೂ ಈ 65 ಮೀಟರ್ 80 ಆಗುವುದಿಲ್ಲ, ಅಷ್ಟರೊಳಗಿನ ಜಾಗ ಇನ್ನಷ್ಟು ಬೆಳ್ಳಗಾಗುತ್ತದೆ, ಅಷ್ಟೆ. ಲೋ ಬೀಮ್‌ನಲ್ಲಿ 80ರ ಮೇಲೆ ಹೋಗುವವರು ಕಾಣದ್ದನ್ನು ನಂಬಿಕೊಂಡು ಓಡಿಸುತ್ತಿದ್ದಾರೆ.

ಈಗ ನಿಯಮ ಏನು ಕೇಳುತ್ತದೆ ಎಂದು ನೋಡೋಣ. ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಹೆಡ್‌ಲ್ಯಾಂಪಿಗೆ ಆರ್112, ಅದರೊಳಗೆ ಕೂರುವ ತಂತಿ (ಫಿಲಮೆಂಟ್) ಬಲ್ಬಿಗೆ ಆರ್37, ಗಾಡಿಗೆ ಅದನ್ನು ಜೋಡಿಸುವ ರೀತಿಗೆ ಆರ್48 ಇವೆ. ನಮ್ಮ ದೇಶದ ವಾಹನೋದ್ಯಮದ ಎಐಎಸ್ ಮಾನದಂಡಗಳು ಬಹುಪಾಲು ಇವುಗಳ ಜಾಡಿನಲ್ಲೇ ಇವೆ. ಪರೀಕ್ಷೆಯಲ್ಲಿ ದೀಪದಿಂದ 25 ಮೀಟರ್ ದೂರದಲ್ಲಿ ಪರದೆ ನಿಲ್ಲಿಸಿ ಅದರ ಮೇಲಿನ ಗೊತ್ತಾದ ಬಿಂದುಗಳಲ್ಲಿ ಬೆಳಕು ಅಳೆಯುತ್ತಾರೆ. ಎಡಬದಿಯಲ್ಲಿ ಓಡಿಸುವ ನಮ್ಮಂಥ ದೇಶಗಳಿಗೆ ಮುಖ್ಯವಾದ ಬಿಂದುಗಳು ಎರಡು. ಒಂದರ ಹೆಸರು 75ಎಲ್: 75 ಮೀಟರ್ ದೂರದಲ್ಲಿ ನಮ್ಮ ಪಕ್ಕದ ರಸ್ತೆಯಂಚು, ಅಂದರೆ ನಡೆದು ಹೋಗುವವರು, ಸೈಕಲ್, ನಿಂತ ಟ್ರ್ಯಾಕ್ಟರ್ ಇರುವ ಜಾಗ. ಇನ್ನೊಂದು ಬಿ50ಆರ್: 50 ಮೀಟರ್ ದೂರದಲ್ಲಿ ಎದುರಿನಿಂದ ಬರುವ ಚಾಲಕನ ಕಣ್ಣು. ಬಹುಕಾಲ ಜಾರಿಯಲ್ಲಿದ್ದ ಅಂಕಿಗಳ ಪ್ರಕಾರ ಮೊದಲನೆಯ ಬಿಂದುವಿನಲ್ಲಿ ಕನಿಷ್ಠ 12 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಇರಬೇಕು, ಎರಡನೆಯದರಲ್ಲಿ 0.4 ಲಕ್ಸ್ ಮೀರಬಾರದು. ಮೂವತ್ತು ಪಟ್ಟು ವ್ಯತ್ಯಾಸ. ಎತ್ತರದಲ್ಲಿ ಈ ಎರಡು ಬಿಂದುಗಳ ನಡುವೆ ಇರುವುದು ಒಂದು ಡಿಗ್ರಿಗಿಂತ ಚೂರು ಹೆಚ್ಚು. ಆಮೇಲೆ ಈ ಮಿತಿಗಳನ್ನು ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆಯ ಅಳತೆ) ಲೆಕ್ಕಕ್ಕೆ ತಂದು ತುಸು ಬದಲಿಸಿದರು, ಹಿಂದಿನ ತರ್ಕ ಹಾಗೇ ಇದೆ.

ಹೆಡ್‌ಲೈಟಿನ ಕಸಬುಗಾರಿಕೆಯೆಲ್ಲ ಆ ಒಂದು ಡಿಗ್ರಿಯಲ್ಲಿದೆ. ಕೆಳಗೆ ಗಾಢ ಬೆಳಕು, ಮೇಲೆ ಬಹುತೇಕ ಕತ್ತಲೆ, ನಡುವೆ ಚೂರಿಯಲ್ಲಿ ಕೊಯ್ದಂಥ ಗೆರೆ. ಆ ಗೆರೆಯೇ ಕಟ್‌ಆಫ್. ಬಲಕ್ಕೆ ಅದು ಮಟ್ಟಸವಾಗಿರುತ್ತದೆ, ಎಡಕ್ಕೆ ಹದಿನೈದು ಡಿಗ್ರಿಯಷ್ಟು ಮೇಲೇಳುತ್ತದೆ. ಹೊರದೇಶದಿಂದ ತರಿಸಿದ ಸೆಕೆಂಡ್ ಹ್ಯಾಂಡ್ ಹೆಡ್‌ಲ್ಯಾಂಪನ್ನು ಹಾಕಿಸುವವರು ಇಲ್ಲೇ ಎಡವುವುದು. ದುಬೈಯಲ್ಲೋ ಅಮೆರಿಕದಲ್ಲೋ ಬಲಬದಿಯ ಸಂಚಾರಕ್ಕೆ ಮಾಡಿದ ದೀಪದಲ್ಲಿ ಬೆಳಕು ಮೇಲೇಳುವುದು ಬಲಕ್ಕೆ, ನೇರವಾಗಿ ಎದುರಿನವರ ಮುಖಕ್ಕೆ. ಬಲ್ಬು ಎರಡು ಕಡೆಗೂ ಒಂದೇ, ವ್ಯತ್ಯಾಸವೆಲ್ಲ ರಿಫ್ಲೆಕ್ಟರ್ ಮತ್ತು ಗಾಜಿನಲ್ಲಿ. ಗುರುತು ಹಿಡಿಯಲು ಗಾಜಿನ ಮೇಲಿನ ಅಚ್ಚು ನೋಡಿ. ‘ಇ’ ಅಕ್ಷರದ ಗುರುತಿನ ಹತ್ತಿರ, ದೀಪಕ್ಕೆ ಎದುರಾಗಿ ನಿಂತ ನಿಮ್ಮ ಬಲಗೈ ಕಡೆಗೆ ತೋರಿಸುವ ಅಡ್ಡ ಬಾಣ ಇದ್ದರೆ ಅದು ಎಡಬದಿಯ ಸಂಚಾರದ ದೀಪ. ಬಾಣವೇ ಇಲ್ಲದಿದ್ದರೆ ಬಲಬದಿಯದ್ದು. ಅಲ್ಲೇ ‘ಎಚ್‌ಸಿಆರ್’ ಎಂದಿದ್ದರೆ ಹ್ಯಾಲೊಜೆನ್ ಬಲ್ಬಿಗೆ ಮಾಡಿದ್ದು, ಲೋ ಮತ್ತು ಹೈ ಎರಡೂ ಇವೆ ಎಂದರ್ಥ. ‘ಡಿಸಿಆರ್’ ಎಂದಿದ್ದರೆ ಎಚ್‌ಐಡಿಗೆ, ಅಂದರೆ ತಂತಿಯ ಬದಲು ಅನಿಲದೊಳಗಿನ ವಿದ್ಯುತ್ ಕಿಡಿಯಿಂದ ಬೆಳಗುವ ಬಲ್ಬಿಗೆ ಮಾಡಿದ್ದು.

ಇನ್ನು ಬಲ್ಬು. ನಮ್ಮ ರಸ್ತೆಗಳಲ್ಲಿ ಬಹಳ ಕಾಣುವುದು ಎಚ್4. 1971ರಲ್ಲಿ ಬಂದದ್ದು, 12 ವೋಲ್ಟ್, 60/55 ವಾಟ್, ಒಂದೇ ಗಾಜಿನಲ್ಲಿ ಎರಡು ತಂತಿ. ಹೈ ಬೀಮ್‌ನ ತಂತಿ ರಿಫ್ಲೆಕ್ಟರಿನ ಸರಿಯಾದ ಫೋಕಸ್‌ನಲ್ಲಿ ಕೂತಿರುತ್ತದೆ. ಲೋ ಬೀಮ್‌ನ ತಂತಿ ಅದಕ್ಕಿಂತ ಸ್ವಲ್ಪ ಮುಂದೆ ಇದ್ದು, ಅದರ ಕೆಳಗೆ ಚಿಕ್ಕ ಲೋಹದ ಬಟ್ಟಲಿರುತ್ತದೆ. ಬಟ್ಟಲು ಕೆಳಗಿನ ಬೆಳಕನ್ನು ತಡೆಯುವುದರಿಂದ ಲೋ ಬೀಮ್ ರಿಫ್ಲೆಕ್ಟರಿನ ಮೇಲರ್ಧವನ್ನಷ್ಟೇ ಬಳಸುತ್ತದೆ, ಮೇಲರ್ಧಕ್ಕೆ ಬಡಿದ ಬೆಳಕು ಕೆಳಕ್ಕೆ ಇಳಿಯುತ್ತದೆ. ಕಟ್‌ಆಫ್ ಹುಟ್ಟುವುದು ಹೀಗೆ. ತಂತಿಯ ಉದ್ದ ಸುಮಾರು 5 ಮಿ.ಮೀ. ಅದು ಅರ್ಧ ಮಿ.ಮೀ. ಆಚೀಚೆಯಾದರೂ ಪರದೆಯ ಮೇಲಿನ ಚಿತ್ರ ಬದಲಾಗುತ್ತದೆ.

ಹಿಂದೆ ಲಾರಿ, ಬಸ್ಸುಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದದ್ದು, ಕಾರುಗಳಿಗೆ ಪೊಲೀಸರು ಕಪ್ಪು ಸ್ಟಿಕ್ಕರ್ ಅಂಟಿಸುತ್ತಿದ್ದದ್ದು ನೆನಪಿರಬಹುದು. ಉದ್ದೇಶ ಒಳ್ಳೆಯದೇ. ಆದರೆ ಈಗ ಹೇಳಿದ ಎಚ್4ರ ರಚನೆಗೆ ಹೋಲಿಸಿ ನೋಡಿ. ಮೇಲರ್ಧ ಮುಚ್ಚಿದರೆ ಸಾಯುವುದು ಲೋ ಬೀಮ್. ಹೈ ಬೀಮ್‌ನ ಕೆಳಗಿನರ್ಧ ಆರಾಮಾಗಿ ಹೊರಬರುತ್ತದೆ. ಲೋನಲ್ಲಿ ಏನೂ ಕಾಣದ ಚಾಲಕ ಹೈ ಹಾಕದೆ ಇನ್ನೇನು ಮಾಡಿಯಾನು?

ಆರ್37ರ ಪ್ರಕಾರ 13.2 ವೋಲ್ಟ್ ಕೊಟ್ಟಾಗ ಎಚ್4ರ ಲೋ ಬೀಮ್ ಸುಮಾರು 1000 ಲುಮೆನ್ (ಬಲ್ಬಿನಿಂದ ಹೊರಡುವ ಒಟ್ಟು ಬೆಳಕಿನ ಅಳತೆ), ಹೈ 1650. ಒಂದೇ ತಂತಿಯ ಬಲ್ಬುಗಳಾದ ಎಚ್7 ಸುಮಾರು 1500, ಎಚ್11 ಸುಮಾರು 1350. ಬೈಕುಗಳ ಎಚ್‌ಎಸ್1, ಅಂದರೆ 35/35 ವಾಟಿನದ್ದು, ಲೋನಲ್ಲಿ 525, ಹೈನಲ್ಲಿ 825. ಇಲ್ಲಿ ಗಮನಿಸಬೇಕಾದದ್ದು 13.2 ಎಂಬ ಅಂಕಿ. ನಿಮ್ಮ ಬಲ್ಬಿಗೆ ಅಷ್ಟು ವೋಲ್ಟೇಜ್ ತಲುಪುತ್ತಿದೆಯೆ?

ಹೋದ ಬೆಳಕನ್ನು ಹುಡುಕುವ ಕೆಲಸ ಶುರುವಾಗುವುದು ಇಲ್ಲಿಂದಲೇ. ತಂತಿ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. ವೋಲ್ಟೇಜ್ 13.2ರಿಂದ 12ಕ್ಕೆ ಇಳಿದರೆ ಬೆಳಕು 72 ಶೇಕಡಾಕ್ಕೆ ಇಳಿಯುತ್ತದೆ, 11.5ಕ್ಕೆ ಇಳಿದರೆ 63ಕ್ಕೆ. ಹಳೆಯ ಕಾರುಗಳಲ್ಲಿ ಕರೆಂಟು ಬ್ಯಾಟರಿಯಿಂದ ಹೊರಟು, ಸ್ಟೀರಿಂಗ್ ಪಕ್ಕದ ಸ್ವಿಚ್ಚಿಗೆ ಹೋಗಿ, ತಿರುಗಿ ಮುಂದಕ್ಕೆ ಬಂದು ಬಲ್ಬು ಸೇರುತ್ತದೆ. ಒಂದು ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ನಾಲ್ಕು ಮೀಟರ್ ದೂರ ಹತ್ತು ಆಂಪಿಯರ್ ಹರಿದರೆ ತಂತಿಯಲ್ಲೇ 0.7 ವೋಲ್ಟ್ ಕರಗುತ್ತದೆ. ಸ್ವಿಚ್ಚಿನ ಕಪ್ಪಾದ ಕಾಂಟ್ಯಾಕ್ಟು, ಪಾಚಿಗಟ್ಟಿದ ಕನೆಕ್ಟರು, ಸಡಿಲ ಅರ್ಥಿಂಗ್ ಸೇರಿದರೆ ಒಂದೂವರೆ, ಎರಡು ವೋಲ್ಟಿಗೂ ಹೋಗುತ್ತದೆ.

ಅಳೆಯಲು ಸಾಧಾರಣ ಮಲ್ಟಿಮೀಟರ್ ಸಾಕು. ಎಂಜಿನ್ ಓಡುತ್ತಿರಲಿ, ಲೋ ಬೀಮ್ ಉರಿಯುತ್ತಿರಲಿ. ಬಲ್ಬಿನ ಪ್ಲಗ್ ಕಳಚಬೇಡಿ. ಕಳಚಿದರೆ ಕರೆಂಟೇ ಹರಿಯುವುದಿಲ್ಲ, ಮೀಟರು ‘ಎಲ್ಲ ಸರಿಯಿದೆ’ ಎಂದು ಸುಳ್ಳು ಹೇಳುತ್ತದೆ. ಪ್ಲಗ್ಗಿನ ಹಿಂಬದಿಯಿಂದ ಮೀಟರಿನ ಸೂಜಿ ತೂರಿಸಿ. ಬ್ಯಾಟರಿಯ ಪ್ಲಸ್ ಮತ್ತು ಬಲ್ಬಿನ ಲೋ ಬೀಮ್ ಪಿನ್ ನಡುವೆ ಬರುವ ಅಂಕಿ ಬರುವ ದಾರಿಯಲ್ಲಿ ಆದ ನಷ್ಟ. ಬ್ಯಾಟರಿಯ ಮೈನಸ್ ಮತ್ತು ಬಲ್ಬಿನ ಅರ್ಥ್ ಪಿನ್ ನಡುವೆ ಬರುವುದು ಹಿಂದಿರುಗುವ ದಾರಿಯ ನಷ್ಟ. ಎರಡೂ ಸೇರಿ ಅರ್ಧ ವೋಲ್ಟಿನೊಳಗೆ ಇದ್ದರೆ ವೈರಿಂಗ್ ಮುಟ್ಟುವುದೇ ಬೇಡ. ಅರ್ಥ್ ಕಡೆ ಮಾತ್ರ ಹೆಚ್ಚಿದ್ದರೆ ಬೋಲ್ಟ್ ಬಿಚ್ಚಿ, ಬಾಡಿಯ ಬಣ್ಣ ಮತ್ತು ತುಕ್ಕನ್ನು ಕೆರೆದು, ಬಿಗಿ ಮಾಡಿದರೆ ಕೆಲಸ ಮುಗಿಯಿತು, ಖರ್ಚು ಸೊನ್ನೆ. ಒಟ್ಟು ನಷ್ಟ ಒಂದು ವೋಲ್ಟ್ ದಾಟಿದ್ದರೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ವಿದ್ಯುತ್ ಸ್ವಿಚ್ಚು ಹಾಕಿಸಿ.

ರಿಲೇ ವೈರಿಂಗ್ ಅಂದರೆ, ಬಲ್ಬಿಗೆ ಹೋಗುವ ಕರೆಂಟು ಬ್ಯಾಟರಿಯಿಂದ ನೇರವಾಗಿ ಹೋಗಲಿ, ಹಳೆಯ ಸ್ವಿಚ್ಚು ರಿಲೇಗೆ ಅಪ್ಪಣೆಯನ್ನಷ್ಟೇ ಕೊಡಲಿ ಎಂಬ ವ್ಯವಸ್ಥೆ. ಎಚ್4ಗೆ ನಾಲ್ಕು ಪಿನ್ನಿನ 30 ಅಥವಾ 40 ಆಂಪಿಯರ್ ರಿಲೇ ಎರಡು ಬೇಕು, ಒಂದು ಲೋಗೆ, ಒಂದು ಹೈಗೆ. ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯ ಪ್ಲಸ್, 87ರಿಂದ ಬಲ್ಬಿಗೆ, 86ಕ್ಕೆ ಹಳೆಯ ಹೆಡ್‌ಲೈಟ್ ಪ್ಲಗ್ಗಿನಿಂದ ಬರುವ ತಂತಿ, 85 ಅರ್ಥಿಗೆ. ಬ್ಯಾಟರಿಯಿಂದ ರಿಲೇಗೆ 2.5 ಚದರ ಮಿ.ಮೀ. ತಂತಿ, ರಿಲೇಯಿಂದ ಒಂದೊಂದು ಬಲ್ಬಿಗೆ 1.5, ಅರ್ಥಿಗೆ ಮತ್ತೆ 2.5. ಎರಡೂ ಬಲ್ಬು ಸೇರಿ ಲೋ ಬೀಮ್ ಎಂಟೂವರೆ ಆಂಪಿಯರಿನಷ್ಟು, ಹೈ ಒಂಬತ್ತರಷ್ಟು ಎಳೆಯುವುದರಿಂದ 15 ಆಂಪಿಯರ್ ಫ್ಯೂಸ್ ಸರಿಹೋಗುತ್ತದೆ. ಲೋ, ಹೈ ಎರಡಕ್ಕೂ ಬೇರೆ ಬೇರೆ ಫ್ಯೂಸ್ ಇರಲಿ. ಒಂದೇ ಫ್ಯೂಸ್ ಹಾಕಿ ಅದು ಹೋದರೆ ಘಾಟಿಯ ತಿರುವಿನಲ್ಲಿ ಪೂರಾ ಕತ್ತಲೆ. ಫ್ಯೂಸ್ ಬ್ಯಾಟರಿಯ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ ಇರಬೇಕು, ಏಕೆಂದರೆ ಫ್ಯೂಸಿಗಿಂತ ಹಿಂದಿನ ತಂತಿ ಬಾಡಿಗೆ ತಾಗಿದರೆ ಅದನ್ನು ಕಾಯಲು ಯಾರೂ ಇಲ್ಲ. ರಿಲೇಗಳನ್ನು ಪಿನ್ ಕೆಳಮುಖವಾಗಿ, ಎಂಜಿನ್ ಬಿಸಿ ಮತ್ತು ನೀರು ತಾಗದ ಕಡೆ ಕೂರಿಸಿ.

ಸಿದ್ಧ ಕಿಟ್ ಕೊಳ್ಳುವುದಾದರೆ ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ಬಿಟ್ಟುಬಿಡಿ. ಇನ್ನು ಎರಡು ಅಡಚಣೆ. ಜಪಾನಿ ಮೂಲದ ಕೆಲವು ಕಾರುಗಳಲ್ಲಿ ಸ್ವಿಚ್ಚು ಇರುವುದು ಅರ್ಥ್ ಕಡೆ. ಬಲ್ಬಿನ ಸಾಮಾನ್ಯ ಪಿನ್ನಿಗೆ ಪ್ಲಸ್ ಬಂದಿರುತ್ತದೆ, ಲೋ ಅಥವಾ ಹೈ ತಂತಿಯನ್ನು ಸ್ವಿಚ್ಚು ಅರ್ಥಿಗೆ ಸೇರಿಸುತ್ತದೆ. ಅಂಥ ಕಡೆ ಮಾಮೂಲಿ ಕಿಟ್ ಹಾಕಿದರೆ ರಿಲೇ ಕೆಲಸವನ್ನೇ ಮಾಡುವುದಿಲ್ಲ. 86ಕ್ಕೆ ಆ ಸಾಮಾನ್ಯ ಪ್ಲಸ್ಸನ್ನು ಕೊಟ್ಟು, 85ನ್ನು ಆಯಾ ಬೀಮ್ ತಂತಿಗೆ ಜೋಡಿಸಬೇಕು. ಎರಡನೆಯದು, ಈಚಿನ ಗಾಡಿಗಳಲ್ಲಿ ಹೆಡ್‌ಲೈಟನ್ನು ನಡೆಸುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಚಿಕ್ಕ ಕಂಪ್ಯೂಟರ್. ಅದು ಕರೆಂಟನ್ನು ತುಂಡುತುಂಡಾಗಿ, ಸೆಕೆಂಡಿಗೆ ನೂರಾರು ಸಲ ಕೊಡುವಂಥದ್ದಾಗಿದ್ದರೆ ರಿಲೇ ಪಟಪಟ ಬಡಿದುಕೊಂಡು ಸುಟ್ಟುಹೋಗುತ್ತದೆ. ಅಂಥ ಗಾಡಿಗಳಿಗೆ ರಿಲೇ ಕಿಟ್ ಬೇಡ, ಅಲ್ಲಿ ನಷ್ಟವೂ ಕಡಿಮೆ ಇರುತ್ತದೆ.

ಫಲ ಎಷ್ಟು? ಬಲ್ಬಿನಲ್ಲಿ 12 ವೋಲ್ಟ್ ಇದ್ದದ್ದು 13.4 ಆದರೆ ಬೆಳಕು 45 ಶೇಕಡಾ ಹೆಚ್ಚುತ್ತದೆ, ಅದೂ ಹಳೇ ಬಲ್ಬಿನಲ್ಲೇ, ಎದುರಿನವರಿಗೆ ಪ್ರತ್ಯೇಕ ತೊಂದರೆಯಿಲ್ಲದೆ. ಇದಕ್ಕೂ ಬೆಲೆಯುಂಟು. ಬಲ್ಬಿನ ಆಯಸ್ಸು ವೋಲ್ಟೇಜಿನ ಸುಮಾರು 13ನೇ ಘಾತದಂತೆ ಇಳಿಯುವುದರಿಂದ ಅದೇ ಬಲ್ಬು ಮುಂಚೆ ಬಾಳುತ್ತಿದ್ದ ಕಾಲದ ಕಾಲುಭಾಗ ಮಾತ್ರ ಬಾಳೀತು. ಹಾಗೆಂದು ಗಾಬರಿ ಬೇಡ, ಕಡಿಮೆ ವೋಲ್ಟೇಜಿನಲ್ಲಿ ಮಂಕಾಗಿ ಉರಿದು ಅತಿಯಾಗಿ ಬಾಳುತ್ತಿದ್ದದ್ದು ಈಗ ಲೆಕ್ಕದ ಆಯಸ್ಸಿಗೆ ಬಂತು, ಅಷ್ಟೆ. ತಿಂಗಳಿಗೊಂದು ಬಲ್ಬು ಹೋಗುತ್ತಿದ್ದರೆ ಮಾತ್ರ ಆಲ್ಟರ್ನೇಟರಿನ ರೆಗ್ಯುಲೇಟರ್ ನೋಡಿಸಿ. ಚಾರ್ಜಿಂಗ್ 14.8 ವೋಲ್ಟ್ ದಾಟುತ್ತಿದ್ದರೆ ತಪ್ಪು ಬಲ್ಬಿನದಲ್ಲ.

ಬೆಳಕು ಕಳೆದುಹೋಗುವ ಇನ್ನೊಂದು ಜಾಗ ಹೊರಗಿನ ‘ಗಾಜು’. ಗಾಜು ಅನ್ನುತ್ತೇವೆ, ಇರುವುದು ಪಾಲಿಕಾರ್ಬನೇಟ್. ಅದರ ಮೇಲಿನ ರಕ್ಷಣಾ ಲೇಪ ಬಿಸಿಲಿಗೆ ಸವೆದ ಮೇಲೆ ಹಳದಿಯಾಗಿ ಮಬ್ಬಾಗುತ್ತದೆ. ಮಬ್ಬಾದ ಗಾಜು ಬೆಳಕನ್ನು ತಡೆಯುವುದಷ್ಟೇ ಅಲ್ಲ, ಚದುರಿಸಿ ಕಟ್‌ಆಫ್ ಗೆರೆಯನ್ನೂ ಅಳಿಸುತ್ತದೆ. ಟೂತ್‌ಪೇಸ್ಟ್ ತಿಕ್ಕಿದರೆ ಎರಡು ವಾರ ಹೊಳೆಯುತ್ತದೆ. ಸರಿಯಾಗಿ ಮಾಡುವುದಾದರೆ ಸುತ್ತಲಿನ ಬಣ್ಣಕ್ಕೆ ಟೇಪ್ ಹಚ್ಚಿ, ನೀರು ಹಾಕಿಕೊಂಡು 800 ಅಥವಾ 1000 ನಂಬರಿನ ವಾಟರ್ ಪೇಪರಿನಲ್ಲಿ ಹಳದಿ ಪೂರಾ ಹೋಗುವವರೆಗೆ ಉಜ್ಜಿ. ಆಮೇಲೆ 1500, 2000, 3000. ಪ್ರತಿ ಸಲವೂ ಹಿಂದಿನ ಪೇಪರಿನ ಗೀರು ಹೋದ ಮೇಲೆಯೇ ಮುಂದಿನದು. ಕಡೆಗೆ ಪಾಲಿಶಿಂಗ್ ಕಾಂಪೌಂಡ್, ಅದರ ಮೇಲೆ ಯುವಿ ತಡೆಯುವ ಕ್ಲಿಯರ್ ಕೋಟ್. ಈ ಕೊನೆಯ ಕೋಟ್ ತಪ್ಪಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ, ಏಕೆಂದರೆ ಕಂಪನಿಯ ಲೇಪವನ್ನು ನೀವೇ ಉಜ್ಜಿ ತೆಗೆದಿದ್ದೀರಿ. ಒಳಗಿನ ರಿಫ್ಲೆಕ್ಟರನ್ನು ಮಾತ್ರ ಬಟ್ಟೆಯಿಂದ ಮುಟ್ಟಬೇಡಿ. ಕೂದಲೆಳೆಗಿಂತ ತೆಳುವಾದ ಅಲ್ಯೂಮಿನಿಯಂ ಲೇಪ ಅದು, ಒಂದು ಸಲ ಒರೆಸಿದರೆ ಬಟ್ಟೆಗೆ ಬರುತ್ತದೆ. ರಿಫ್ಲೆಕ್ಟರ್ ಕಂದಿದ್ದರೆ ಯಾವ ಬಲ್ಬೂ ಉಪಯೋಗವಿಲ್ಲ, ದೀಪದ ಇಡೀ ಅಸೆಂಬ್ಲಿಯನ್ನೇ ಬದಲಿಸಬೇಕು.

ಮೂರನೆಯದು ಫೋಕಸ್ ಸೆಟ್ ಮಾಡುವುದು. ಬಲ್ಬು ಬದಲಿಸಿದಾಗ, ಡಿಕ್ಕಿಯಾಗಿ ಬಂಪರ್ ಬಿಚ್ಚಿದಾಗ, ಸಸ್ಪೆನ್ಷನ್ ಕೆಲಸ ಮಾಡಿಸಿದಾಗ ಇದನ್ನು ನೋಡಲೇಬೇಕು, ಯಾರೂ ನೋಡುವುದಿಲ್ಲ. ಮಟ್ಟಸವಾದ ನೆಲ, ಎದುರಿಗೊಂದು ಗೋಡೆ ಇರಲಿ. ಟೈರಿನ ಗಾಳಿ ಸರಿ ಮಾಡಿ, ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಡ್ಯಾಶ್‌ಬೋರ್ಡಿನಲ್ಲಿ ಹೆಡ್‌ಲೈಟ್ ಎತ್ತರದ ಚಕ್ರ ಇದ್ದರೆ ಸೊನ್ನೆಗೆ ತನ್ನಿ. ಗಾಡಿಯನ್ನು ಮೊದಲು ಗೋಡೆಯ ಹತ್ತಿರಕ್ಕೆ ತಂದು ಎರಡೂ ದೀಪದ ನಡುಬಿಂದುವನ್ನು ಗೋಡೆಯ ಮೇಲೆ ಗುರುತಿಸಿ. ನೇರವಾಗಿ ಹಿಂದಕ್ಕೆ ಬಂದು, ದೀಪದಿಂದ ಗೋಡೆಗೆ ಸರಿಯಾಗಿ 5 ಮೀಟರ್ ಇರುವಂತೆ ನಿಲ್ಲಿಸಿ. ನಡುಬಿಂದುವಿಗಿಂತ 5 ಸೆಂ.ಮೀ. ಕೆಳಗೆ ಅಡ್ಡ ಟೇಪ್ ಹಚ್ಚಿ. ಲೋ ಬೀಮ್ ಹಾಕಿ, ಒಂದು ದೀಪವನ್ನು ರಟ್ಟು ಅಡ್ಡ ಹಿಡಿದು ಮರೆ ಮಾಡಿ. ಬಟ್ಟೆ ಹೊದಿಸಿ ಬಿಡಬೇಡಿ, ಬಿಸಿಗೆ ಪ್ಲಾಸ್ಟಿಕ್ ಕರಗೀತು. ಕಟ್‌ಆಫ್‌ನ ಮಟ್ಟಸ ಭಾಗ ಟೇಪಿನ ಮೇಲೆ ಕೂರಬೇಕು, ಎಡಕ್ಕೆ ಮೇಲೇಳುವ ಮೊಣಕೈ ದೀಪದ ನಡುಬಿಂದುವಿನ ನೇರಕ್ಕಿರಬೇಕು. ಅಸೆಂಬ್ಲಿಯ ಹಿಂದೆ ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ, ಒಂದು ಮೇಲೆ ಕೆಳಗೆ, ಒಂದು ಎಡಕ್ಕೆ ಬಲಕ್ಕೆ. ಕೆಲವು ಗಾಡಿಗಳ ಅಸೆಂಬ್ಲಿ ಮೇಲೆ 1.2 ಅಥವಾ 1.3 ಶೇಕಡಾ ಎಂದು ಅಚ್ಚಾಗಿರುತ್ತದೆ. ಆಗ 5 ಮೀಟರಿನಲ್ಲಿ 6 ಅಥವಾ 6.5 ಸೆಂ.ಮೀ. ಇಳಿಸಿ.

ಇಷ್ಟು ಚಿಕ್ಕ ಅಳತೆಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ? ದೀಪ ಅರ್ಧ ಡಿಗ್ರಿ ಮೇಲೆ ಸರಿದರೆ ಶೇಕಡಾ 1ರ ಇಳಿಜಾರು 0.13ಕ್ಕೆ ಬರುತ್ತದೆ, 65 ಮೀಟರಿಗೆ ನೆಲ ಮುಟ್ಟುತ್ತಿದ್ದ ಬೆಳಕು 500 ಮೀಟರ್ ತನಕ ನೆಲ ಮುಟ್ಟುವುದೇ ಇಲ್ಲ, ರಸ್ತೆ ಚೂರು ಉಬ್ಬುತಗ್ಗಾದರೂ ಎದುರಿನವರ ಮುಖಕ್ಕೆ ಹೊಡೆಯುತ್ತದೆ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಮದುವೆಯ ಸಾಮಾನು ತುಂಬಿದರೆ ಗಾಡಿಯ ಮೂತಿ ಇದಕ್ಕಿಂತ ಹೆಚ್ಚು ಮೇಲೇಳಬಹುದು. ಡ್ಯಾಶ್‌ಬೋರ್ಡಿನ ಆ ಚಕ್ರ ಇರುವುದು ಅದಕ್ಕೇ. ಎಷ್ಟೋ ಜನ ಗಾಡಿ ಮಾರುವವರೆಗೂ ಅದನ್ನು ಒಂದು ಸಲವೂ ತಿರುಗಿಸಿರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಸಾಲದು ಅನ್ನಿಸಿದರೆ ಬಲ್ಬಿನ ಅಂಗಡಿಗೆ ಬನ್ನಿ.

ಮೊದಲ ಆಯ್ಕೆ, ಅದೇ 60/55 ವಾಟಿನ ಉತ್ತಮ ಹ್ಯಾಲೊಜೆನ್. ಓಸ್ರಾಮ್‌ನ ನೈಟ್ ಬ್ರೇಕರ್, ಫಿಲಿಪ್ಸ್‌ನ ಎಕ್ಸ್‌ಟ್ರೀಮ್‌ವಿಷನ್ ಈ ಜಾತಿಯವು. ಡಬ್ಬದ ಮೇಲೆ ‘130 ಶೇಕಡಾ ಹೆಚ್ಚು’ ಎಂದಿರುವುದನ್ನು ಒಟ್ಟು ಬೆಳಕು ಎಂದುಕೊಳ್ಳಬೇಡಿ. ಲುಮೆನ್ ಆರ್37ರ ಮಿತಿಯೊಳಗೇ ಇರಬೇಕು. ಹೋಲಿಕೆ ಇರುವುದು ರಸ್ತೆಯ ಕೆಲವು ಬಿಂದುಗಳಲ್ಲಿ ಕಾನೂನು ಕೇಳುವ ಕನಿಷ್ಠ ಬೆಳಕಿನ ಜೊತೆಗೆ. ತಂತಿಯನ್ನು ಇನ್ನೂ ಸಣ್ಣಗೆ, ಒತ್ತಾಗಿ ಸುತ್ತಿ, ಒಳಗೆ ಜೆನಾನ್ ಅನಿಲ ತುಂಬಿರುವುದರಿಂದ ಬೆಳಕು ಹರಡದೆ ದೂರಕ್ಕೆ ಒಟ್ಟಾಗಿ ಬೀಳುತ್ತದೆ. ಆಯಸ್ಸು ಮಾಮೂಲಿಯ ಅರ್ಧ, ಕೆಲವು ಸಲ ಅದಕ್ಕಿಂತ ಕಡಿಮೆ. ರಾತ್ರಿ ಹೆದ್ದಾರಿಯಲ್ಲಿ ಹೆಚ್ಚು ಓಡಿಸುವವರಿಗೆ ನನ್ನ ಮೊದಲ ಶಿಫಾರಸು ಇದೇ. ನೀಲಿ ಲೇಪದ, ‘5000 ಕೆಲ್ವಿನ್’ (ಬೆಳಕಿನ ಬಣ್ಣದ ಅಳತೆ) ಎಂದು ಮಾರುವ ಹ್ಯಾಲೊಜೆನ್ ಇದಕ್ಕೆ ಪೂರಾ ವಿರುದ್ಧ. ಲೇಪ ಹಳದಿ ಮತ್ತು ಕೆಂಪು ಬೆಳಕನ್ನು ನುಂಗಿ ನೀಲಿಯನ್ನು ಬಿಡುತ್ತದೆ. ನೋಡಲು ಬೆಳ್ಳಗೆ, ರಸ್ತೆಗೆ ಸಿಗುವುದು ಕಡಿಮೆ. ಕಾಸು ಕೊಟ್ಟು ಕತ್ತಲೆ ಕೊಂಡಂತೆ.

ಹ್ಯಾಲೊಜೆನ್ ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಕೂತ ಜಾಗ ಅತಿಯಾಗಿ ಕಾದು ಕ್ವಾರ್ಟ್ಸ್ ದುರ್ಬಲವಾಗುತ್ತದೆ, ಉಬ್ಬುತ್ತದೆ, ಒಡೆಯುತ್ತದೆ. ಅಕಸ್ಮಾತ್ ಮುಟ್ಟಿದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಎರಡೂ ಬಲ್ಬನ್ನು ಒಟ್ಟಿಗೇ ಬದಲಿಸಿ.

ಎರಡನೆಯದು 100/90 ವಾಟ್. ನಮ್ಮಲ್ಲಿ ಬಲು ಜನಪ್ರಿಯ, ರಸ್ತೆಗೆ ಅನುಮೋದನೆ ಇಲ್ಲ. ಒಂದು ಬಲ್ಬು 5 ಆಂಪಿಯರ್ ಬದಲು 8.3 ಎಳೆಯುತ್ತದೆ. ಕಾಂಟ್ಯಾಕ್ಟಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಂತೆ ಏರುವುದರಿಂದ ಅದು ಸುಮಾರು 2.8 ಪಟ್ಟು. ಮೊದಲು ಹೋಲ್ಡರಿನ ಪ್ಲಾಸ್ಟಿಕ್ ಕಂದುತ್ತದೆ, ಆಮೇಲೆ ಕರಗುತ್ತದೆ, ಸ್ವಿಚ್ಚು ಸುಡುತ್ತದೆ, ರಿಫ್ಲೆಕ್ಟರಿನ ಮೇಲ್ಭಾಗ ಹೊಗೆ ಹಿಡಿದಂತಾಗುತ್ತದೆ. ಸೆರಾಮಿಕ್ ಹೋಲ್ಡರ್ ಮತ್ತು ರಿಲೇ ಹಾಕಿದರೆ ಹೋಲ್ಡರ್, ಸ್ವಿಚ್ಚು ಉಳಿದಾವು, ರಿಫ್ಲೆಕ್ಟರ್ ಉಳಿಯುವುದಿಲ್ಲ. ರಸ್ತೆಯ ಬೆಳಕಿನ ಜೊತೆಗೆ ಎದುರಿನವರ ಕಣ್ಣಿಗೆ ಹೋಗುವ ಬೆಳಕೂ ಏರುತ್ತದೆ.

ಮೂರನೆಯದು ಎಲ್‌ಇಡಿ. ಎಲ್ಲರೂ ಕಾಯುತ್ತಿದ್ದದ್ದು ಇದಕ್ಕೆ.

ಕಂಪನಿಯೇ ಎಲ್‌ಇಡಿ ಹೆಡ್‌ಲ್ಯಾಂಪ್ ಕೊಟ್ಟ ಗಾಡಿಯ ವಿಷಯ ಬೇರೆ. ಅಲ್ಲಿ ರಿಫ್ಲೆಕ್ಟರು, ಲೆನ್ಸು ಎಲ್ಲ ಆ ಚಿಪ್ಪಿಗೆಂದೇ ಅಳತೆ ಮಾಡಿದ್ದು. ನಾನು ಹೇಳುತ್ತಿರುವುದು ಹ್ಯಾಲೊಜೆನ್ ದೀಪದೊಳಗೆ ತೂರಿಸುವ ಎಲ್‌ಇಡಿ ಬಲ್ಬಿನ ಬಗ್ಗೆ. ಹ್ಯಾಲೊಜೆನ್ ತಂತಿ ಒಂದು ಸಣ್ಣ ಸಿಲಿಂಡರ್, ಸುತ್ತ ಎಲ್ಲ ಕಡೆಗೂ ಬೆಳಕು ಬೀರುತ್ತದೆ. ಎಲ್‌ಇಡಿಯಲ್ಲಿ ಒಂದು ಹಲಗೆಯ ಎರಡು ಬದಿಗೆ ಚಿಪ್ ಅಂಟಿಸಿರುತ್ತಾರೆ. ಹಲಗೆಯ ದಪ್ಪದಿಂದ ಎರಡು ಬೆಳಕಿನ ಮೂಲಗಳು ಫೋಕಸ್‌ನಿಂದ ಆಚೆ ಈಚೆ ಸರಿದಿರುತ್ತವೆ, ಹಲಗೆಯ ಅಂಚಿನ ದಿಕ್ಕಿಗೆ ಬೆಳಕೇ ಇರುವುದಿಲ್ಲ. ಪರಿಣಾಮ, ದೂರಕ್ಕೆ ಹೋಗಬೇಕಾದ ಗಾಢ ಬೆಳಕು ತೆಳುವಾಗುತ್ತದೆ, ಕಟ್‌ಆಫ್ ಮೇಲೆ ಚೆಲ್ಲುತ್ತದೆ, ಬಾನೆಟ್ಟಿನ ಮುಂದಿನ ಹತ್ತು ಮೀಟರ್ ಹಗಲಿನಂತಾಗುತ್ತದೆ. ಆ ಹತ್ತು ಮೀಟರ್ ನೋಡಿ ‘ವಾಹ್’ ಅನ್ನುತ್ತೇವೆ. ಹತ್ತಿರ ಬೆಳಕು ಹೆಚ್ಚಾದಾಗ ಕಣ್ಣಿನ ಪಾಪೆ ಕಿರಿದಾಗಿ ದೂರದ ಮಬ್ಬು ಇನ್ನಷ್ಟು ಮಬ್ಬಾಗುತ್ತದೆ. ಹೆಚ್ಚು ಬೆಳಕು, ಕಡಿಮೆ ನೋಟ.

ಡಬ್ಬದ ಮೇಲಿನ ‘20,000 ಲುಮೆನ್’ ಎಂಬುದನ್ನು ಲೆಕ್ಕದಿಂದ ಪರೀಕ್ಷಿಸಿ. ಒಳ್ಳೆಯ ಎಲ್‌ಇಡಿ ಒಂದು ವಾಟಿಗೆ 100ರಿಂದ 150 ಲುಮೆನ್ ಕೊಟ್ಟೀತು. ಬಲ್ಬು ಎಳೆಯುವುದು 30 ವಾಟ್ ಆದರೆ ನಾಲ್ಕೂವರೆ ಸಾವಿರ ದಾಟುವುದು ಸಾಧ್ಯವೇ ಇಲ್ಲ, ಬಿಸಿಯಾದ ಮೇಲೆ ಅದೂ ಇಳಿಯುತ್ತದೆ. ಹಿಂದಿನ ಫ್ಯಾನಿಗೆ ಜಾಗವಿಲ್ಲವೆಂದು ರಬ್ಬರ್ ಮುಚ್ಚಳ ಕತ್ತರಿಸಿದರೆ ಮಳೆಗಾಲದಲ್ಲಿ ದೀಪದೊಳಗೆ ನೀರು, ಬೇಸಿಗೆಯಲ್ಲಿ ದೂಳು. ಎಲ್‌ಇಡಿಗೆ ಕರೆಂಟು ಹದಮಾಡಿ ಕೊಡುವ ಸರ್ಕ್ಯೂಟ್ (ಡ್ರೈವರ್) ಕಳಪೆಯಾಗಿದ್ದರೆ ಎಫ್‌ಎಂ ರೇಡಿಯೊ ಕೂಡ ಕರಕರ ಅನ್ನುತ್ತದೆ.

ಜರ್ಮನಿಯಲ್ಲಿ 2020ರ ಅಕ್ಟೋಬರಿನಲ್ಲಿ ಓಸ್ರಾಮ್‌ನ ಎಚ್7 ಎಲ್‌ಇಡಿ ಬಲ್ಬಿಗೆ ಅಲ್ಲಿನ ವಾಹನ ಪ್ರಾಧಿಕಾರ ಅನುಮತಿ ಕೊಟ್ಟಿತು. ಆದರೆ ಎಲ್ಲ ಗಾಡಿಗೂ ಅಲ್ಲ. ಯಾವ ಮಾದರಿಯ ಯಾವ ಹೆಡ್‌ಲ್ಯಾಂಪ್ ಎಂದು ಒಂದೊಂದನ್ನೇ ಪರೀಕ್ಷಿಸಿ ಮಾಡಿದ ಪಟ್ಟಿಯಲ್ಲಿ ಇದ್ದವಕ್ಕೆ ಮಾತ್ರ. ಬಲ್ಬು ಒಂದೇ ಆದರೂ ಒಂದು ದೀಪದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು. ಪ್ರೊಜೆಕ್ಟರ್ ಲೆನ್ಸ್ ಇರುವ ದೀಪಗಳಲ್ಲಿ ಕಟ್‌ಆಫ್ ಮಾಡುವುದು ಒಳಗಿನ ಲೋಹದ ಪರದೆಯಾದ್ದರಿಂದ ಮೇಲೆ ಚೆಲ್ಲುವುದು ಕಡಿಮೆ. ಬರೀ ರಿಫ್ಲೆಕ್ಟರ್ ಇರುವ ದೀಪಗಳಲ್ಲೇ ಹೆಚ್ಚು ಅನಾಹುತ. ಈಗಾಗಲೇ ಹಾಕಿಸಿದ್ದರೆ ಕನಿಷ್ಠ ಒಂದು ಕೆಲಸ ಮಾಡಿ. ಅದೇ ಗೋಡೆಯ ಮುಂದೆ ಒಂದು ಕಡೆ ಹ್ಯಾಲೊಜೆನ್, ಇನ್ನೊಂದು ಕಡೆ ಎಲ್‌ಇಡಿ ಹಾಕಿ ಹೋಲಿಸಿ. ಎಚ್7, ಎಚ್11ರಲ್ಲಿ ಚಿಪ್‌ಗಳು ಗಡಿಯಾರದ ಮೂರು ಮತ್ತು ಒಂಬತ್ತರ ಕಡೆಗೆ ಮುಖ ಮಾಡಿರಬೇಕು. ಹಾಗೆ ತಿರುಗಿಸಿದ ಮೇಲೂ ಗೆರೆಯ ಮೇಲೆ ಬೆಳಕು ಕಂಡರೆ ತೆಗೆದುಬಿಡಿ. ದೀಪವನ್ನು ಕೆಳಗೆ ಬಾಗಿಸಿ ಸರಿದೂಗಿಸಲು ಹೋದರೆ ನಿಮಗೇ ರಸ್ತೆ ಕಾಣುವುದಿಲ್ಲ.

ಎಚ್‌ಐಡಿ ಕಿಟ್ ಬಗ್ಗೆ ಎರಡೇ ಮಾತು. 35 ವಾಟಿನ ಅಸಲಿ ಎಚ್‌ಐಡಿ ಬಲ್ಬು ಡಿ2ಎಸ್ 3200 ಲುಮೆನ್ ಕೊಡುತ್ತದೆ. ಲೋ ಬೀಮ್‌ನ ಬೆಳಕಿನ ಮೂಲ 2000 ಲುಮೆನ್ ದಾಟಿದರೆ ಎತ್ತರ ತಾನಾಗಿ ಸರಿಹೋಗುವ ವ್ಯವಸ್ಥೆ ಮತ್ತು ಗಾಜು ತೊಳೆಯುವ ಪಿಚಕಾರಿ ಇರಬೇಕೆಂದು ಆರ್48 ಹೇಳುತ್ತದೆ. ಆ ಗಡಿಯೊಳಗೆ ನಿಲ್ಲಲೆಂದೇ ಸರಿಯಾಗಿ 2000 ಲುಮೆನ್ನಿನ 25 ವಾಟ್ ಎಚ್‌ಐಡಿಗಳು ಬಂದವು. ಹ್ಯಾಲೊಜೆನ್ ರಿಫ್ಲೆಕ್ಟರಿನೊಳಗೆ ಎಚ್‌ಐಡಿ ತುರುಕುವವರು ಇವೆಲ್ಲವನ್ನೂ ಬಿಟ್ಟು ಬೆಳಕನ್ನಷ್ಟೇ ತರುತ್ತಾರೆ.

ಕಾನೂನಿನ ಮಾತು. ಕೇಂದ್ರ ಮೋಟಾರು ವಾಹನ ನಿಯಮ 106ರ ಪ್ರಕಾರ ದೀಪ 8 ಮೀಟರ್ ಎದುರಿಗೆ, 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕುವಂತಿರಬಾರದು. ನಿಯಮ 111ರಂತೆ ನೋಂದಣಿ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಮುಂದೆ ಸ್ಪಾಟ್ ಲೈಟ್ ಹಾಕುವಂತಿಲ್ಲ. ಬಂಪರಿನ ಎಲ್‌ಇಡಿ ಬಾರಿಗೂ ನಾನು ಇದನ್ನೇ ಅನ್ವಯಿಸುತ್ತೇನೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಕಲಂ 182ಎ ಅಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಕರ್ನಾಟಕದಲ್ಲಿ 2024ರಲ್ಲಿ ಕಣ್ಣು ಕುಕ್ಕುವ ದೀಪಗಳ ವಿರುದ್ಧ ಪೊಲೀಸರು ರಾಜ್ಯದಾದ್ಯಂತ ಪ್ರಕರಣ ಹಾಕಿದರು. ಆಗ ಬಳಸಿದ್ದು ಸಾಮಾನ್ಯ ದಂಡದ ಕಲಂ 177.

ಕೊನೆಗೆ ಸಾಮಾನ್ಯವಾಗಿ ಬರುವ ಎರಡು ಪ್ರಶ್ನೆ.

ಆಗುಂಬೆ, ಚಾರ್ಮಾಡಿಯ ಮಂಜಿಗೆ ಹಳದಿ ಬಲ್ಬು ಒಳ್ಳೆಯದೆ? ಮಂಜಿನ ಹನಿ ಬೆಳಕಿನ ಅಲೆಗಿಂತ ಬಹಳ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಮ್ಮಿ ಒಂದೇ ರೀತಿ ಚದುರಿಸುತ್ತದೆ. ಹಳದಿ ಮಂಜನ್ನು ಸೀಳುವುದಿಲ್ಲ. ನೀಲಿ ಅಂಶ ಕಡಿಮೆಯಾದ್ದರಿಂದ ಕಣ್ಣಿಗೆ ಹಿತ, ಅಷ್ಟೇ ಲಾಭ. ಕೆಲಸ ಮಾಡುವುದು ದೀಪದ ಜಾಗ. ಫಾಗ್ ಲ್ಯಾಂಪ್ ಬಂಪರಿನ ಕೆಳಗೆ ಕೂತು ಅಗಲವಾಗಿ, ಮೇಲೆ ಚೆಲ್ಲದಂತೆ ಹರಡುವುದರಿಂದ ನಿಮ್ಮ ಕಣ್ಣಿಗೂ ರಸ್ತೆಗೂ ನಡುವಿನ ಮಂಜು ಅಷ್ಟಾಗಿ ಬೆಳಗುವುದಿಲ್ಲ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಮುಂದೆ ಬಿಳಿ ಗೋಡೆ ಎದ್ದಂತಾಗುವುದು ಇದೇ ಕಾರಣಕ್ಕೆ.

ಬೈಕಿಗೆ 60/55 ಹಾಕಬಹುದೆ? ಎಚ್‌ಎಸ್1 ಮತ್ತು ಎಚ್4 ನೋಡಲು ಅಣ್ಣತಮ್ಮಂದಿರಂತೆ, ತುಸು ಒತ್ತಾಯ ಮಾಡಿದರೆ ಕೂರುತ್ತದೆ ಕೂಡ. ಆದರೆ 35 ವಾಟಿಗೆ ಲೆಕ್ಕ ಹಾಕಿದ, ಎಂಜಿನ್ನಿನಲ್ಲಿ ಕರೆಂಟು ಹುಟ್ಟಿಸುವ ಕಾಯಿಲ್ 60 ವಾಟ್ ಎಲ್ಲಿಂದ ತಂದೀತು? 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತದೆ, ಆರಿಸಲು ಸ್ವಿಚ್ಚೇ ಇಲ್ಲ. ಊರೊಳಗೆ ನಿಧಾನವಾಗಿ ಓಡಿಸಿದರೆ ಬ್ಯಾಟರಿ ದಿನದಿನಕ್ಕೆ ಇಳಿದು ಒಂದು ಬೆಳಿಗ್ಗೆ ಸೆಲ್ಫ್ ಸ್ಟಾರ್ಟ್ ಆಗುವುದಿಲ್ಲ. ಆಕ್ಸಿಲರೇಟರ್ ಕೊಟ್ಟಂತೆ ಬೆಳಕು ಏರಿಳಿಯುವ ಹಳೆಯ ಬೈಕುಗಳಲ್ಲಿ ಹೆಡ್‌ಲೈಟಿಗೆ ಬರುವುದು ಎಸಿ ಕರೆಂಟು. ಅಲ್ಲಿ ಡಿಸಿಗೆ ಮಾಡಿದ ಎಲ್‌ಇಡಿ ಹಾಕಿದರೆ ಮಿನುಗುತ್ತದೆ, ಬೇಗ ಸುಡುತ್ತದೆ. ಬೈಕಿನವರು ಮಾಡಬೇಕಾದದ್ದು ಅದೇ ವಾಟಿನ ಒಳ್ಳೆಯ ಎಚ್‌ಎಸ್1 ಹಾಕಿ, ಅರ್ಥಿಂಗ್ ಕೆರೆದು ಬಿಗಿ ಮಾಡಿ, ಡೂಮ್‌ನ (ಹೆಡ್‌ಲೈಟ್ ಕೂರುವ ಹೊರಕವಚದ) ಸ್ಕ್ರೂ ಸಡಿಲಿಸಿ ಗೋಡೆಯ ಮುಂದೆ ಫೋಕಸ್ ಸೆಟ್ ಮಾಡುವುದು. ಆಗ ಸವಾರ ಸೀಟಿನ ಮೇಲೆ ಕೂತಿರಬೇಕು. ಸ್ಟ್ಯಾಂಡ್ ಹಾಕಿ ಅಳೆದ ಅಳತೆ ರಸ್ತೆಗೆ ಬರುವುದಿಲ್ಲ.